ಅಕ್ಕಿ ಚೀಲಕ್ಕೆ ಅಭ್ಯಂಜನ

"ಮಗು ಸಾಕೋದು ಅಂದ್ರೆ ಅದೇನು ಮಹಾ ಬ್ರಹ್ಮವಿದ್ಯೆನಾ? ನಾನೊಬ್ಬನೇ ಸಾಕಿ ತೋರಿಸ್ತೀನಿ ನೋಡಿ" ಎಂದು ಟೊಮೊಯಾ ಅರಿಗಾ ತನ್ನ ಕಚೇರಿಯಲ್ಲಿ ಎದೆ ತಟ್ಟಿ ಘೋಷಿಸಿ, ನಾಲ್ಕು ವಾರಗಳ ಪಿತೃತ್ವ ರಜೆಯ ಅರ್ಜಿಯನ್ನು ಮೇಲಧಿಕಾರಿಯ ಮೇಜಿನ ಮೇಲೆ ಇಟ್ಟ. ಮೂವತ್ತೊಂದು ವರ್ಷದ ಈ ವೀರಾಗ್ರಣಿಯ ಕೈಯಲ್ಲಿ ಅಂದಿನವರೆಗೆ ಯಾವ ಮಗುವೂ ಎರಡು ನಿಮಿಷಕ್ಕಿಂತ ಹೆಚ್ಚು ಹೊತ್ತು ಇದ್ದ ದಾಖಲೆಯಿರಲಿಲ್ಲ. ಸ್ವಂತ ಮಗಳು ಸುಜುವನ್ನೇ ಅವನು ಎತ್ತಿಕೊಂಡದ್ದು ಅವಳು ಹುಟ್ಟಿದ ದಿನ ಮೂರು ಸಲ. ಮೂರು ಸಲವೂ ಅತ್ತೆ, ಬಿಸಿ ಪಾತ್ರೆಯನ್ನು ಇಕ್ಕಳದಿಂದ ಇಳಿಸುವವರ ಹಾಗೆ, ಜೋಪಾನವಾಗಿ ಅವನ ಕೈಯಿಂದ ಇಳಿಸಿಕೊಂಡಿದ್ದರು. ಉತ್ತರನ ಪೌರುಷ ಒಲೆಯ ಮುಂದೆ ಅನ್ನುತ್ತಾರೆ. ಟೊಮೊಯಾನ ಪೌರುಷಕ್ಕೆ ಒಲೆಯೂ ಬೇಕಿರಲಿಲ್ಲ, ಕಾಫಿ ಯಂತ್ರದ ಮುಂದೆ ನಾಲ್ಕು ಜನ ನಿಂತಿದ್ದರೆ ಸಾಕಿತ್ತು.

ಹೆಂಡತಿ ಚಿಹಾರು ಹೆರಿಗೆಗೆಂದು ನೀಗತಾದ ತವರಿಗೆ ಹೋದವಳು ಇನ್ನೂ ಅಲ್ಲೇ ಇದ್ದಳು. ಅಷ್ಟರಲ್ಲಿ ತಕಸಾಕಿಯಲ್ಲಿ ಹೊಸ ಮನೆ ಹಿಡಿದು, ಸಾಮಾನು ಸಾಗಿಸಿ, ಎಲ್ಲವನ್ನೂ ಸಜ್ಜು ಮಾಡುವ ಹೊಣೆ ಇವನದು. ಸಜ್ಜು ಮಾಡಿದ್ದೂ ನಿಜ. ಪರದೆ ತೂಗುಹಾಕಿದ, ಮಗುವಿನ ತೊಟ್ಟಿಲು ಜೋಡಿಸಿದ. ಜೋಡಿಸಿದ ಮೇಲೆ ನಾಲ್ಕು ತಿರುಪು ಉಳಿದವು. ಕಂಪನಿಯವರು ಲೆಕ್ಕ ತಪ್ಪಿ ಹೆಚ್ಚು ಕೊಟ್ಟಿದ್ದಾರೆ ಎಂದು ಕನಿಕರಪಟ್ಟು ಅವನ್ನು ಎಸೆದ.

ಅಲ್ಲಿಯ ಪದ್ಧತಿಯಂತೆ ಹೊಸ ಬೀದಿಗೆ ಬಂದವರು ಎದುರಿನ ಮೂರು ಮನೆ, ಅಕ್ಕಪಕ್ಕದ ಎರಡು ಮನೆಗೆ ಹೋಗಿ, ಟವೆಲೊಂದನ್ನು ಕೊಟ್ಟು, ಬಗ್ಗಿ ನಮಸ್ಕರಿಸಿ ಪರಿಚಯ ಹೇಳಿಕೊಳ್ಳಬೇಕು. ಚಿಹಾರು ಅದಕ್ಕೆಂದೇ ಐದು ಟವೆಲುಗಳನ್ನು ಚೆಂದದ ಕಾಗದದಲ್ಲಿ ಸುತ್ತಿ ಕಳಿಸಿದ್ದಳು. "ಟವೆಲ್ ಹಂಚೋಕೆ ನಾವೇನು ಸ್ನಾನದ ಮನೆ ನಡೆಸ್ತೀವಾ?" ಎಂದು ಟೊಮೊಯಾ ಫೋನಿನಲ್ಲಿ ಗೇಲಿ ಮಾಡಿದ. ಹಳೆಯ ಕಾಲದ ಗೊಡ್ಡು ಶಾಸ್ತ್ರ, ಈಗ ಯಾರು ಮಾಡುತ್ತಾರೆ, ಎಂದು ಉಪನ್ಯಾಸವನ್ನೂ ಕೊಟ್ಟ. ಟವೆಲುಗಳು ಒಂದೊಂದಾಗಿ ನೆಲ ಒರೆಸಲು ಹೋದವು. ಹೀಗಾಗಿ ಮೂರು ವಾರವಾದರೂ ಬೀದಿಯಲ್ಲಿ ಯಾರಿಗೂ ಈ ಮನುಷ್ಯ ಯಾರು, ಒಂಟಿಯೋ ಸಂಸಾರಿಯೋ ಒಂದೂ ಗೊತ್ತಿರಲಿಲ್ಲ. ಎದುರು ಮನೆಯ ಶಿಮೊಜೊ ಅಜ್ಜಿಗಂತೂ, ಆ ಬೀದಿಯ ಸಂಘಕ್ಕೆ ಅವರೇ ಮುಖ್ಯಸ್ಥೆಯಾದ್ದರಿಂದ, ಇದು ದೊಡ್ಡ ತಲೆನೋವಾಗಿತ್ತು. ತಮ್ಮ ಮಹಡಿಯ ಕಿಟಕಿಯಿಂದ ಅವರು ಈ ಮನೆಯ ಮೇಲೊಂದು ಕಣ್ಣಿಟ್ಟಿದ್ದರು.

ಗುರುವಾರ ಅತ್ತೆಯ ಫೋನು ಬಂತು.

"ಅಳಿಯಂದಿರೇ, ನಾಳೆ ಮೂರು ಗಂಟೆಗೆ ತಾಯಿ ಮಗೂನ ಕರ್ಕೊಂಡು ಬರ್ತೀನಿ. ಮಗುಗೆ ನೀರೆರೆಯೋಕೆ ಬರುತ್ತಾ ನಿಮಗೆ?"

"ಬರುತ್ತೆ ಅತ್ತೆ."

"ಇಲ್ಲಿವರೆಗೆ ಯಾರಿಗೆ ಎರೆದಿದ್ದೀರಿ?"

ಅತ್ತೆ ಉತ್ತರಕ್ಕೆ ಕಾಯಲಿಲ್ಲ. ನಾಳೆ ತಮ್ಮ ಕಣ್ಣೆದುರಿಗೇ ಅವನು ಸುಜುವಿಗೆ ನೀರೆರೆಯಬೇಕು, ಅದು ಸರಿ ಕಂಡರೆ ತಾವೊಬ್ಬರೇ ಊರಿಗೆ ಮರಳುವುದು, ಇಲ್ಲವಾದರೆ ತಾಯಿಮಗು ಇಬ್ಬರನ್ನೂ ವಾಪಸು ಕರೆದೊಯ್ದು ಹೊಸ ವರ್ಷ ಕಳೆದ ಮೇಲೆಯೇ ಕಳಿಸುವುದು ಎಂದು ತೀರ್ಪು ಕೊಟ್ಟು ಫೋನಿಟ್ಟರು.

ಟೊಮೊಯಾ ಆ ರಾತ್ರಿ ಸರಿಯಾಗಿ ಉಣ್ಣಲಿಲ್ಲ. ಜಂಬದ ಕೋಳಿಯೇನೋ ಹೌದು. ಆದರೆ ಐವತ್ತು ದಿನದಿಂದ ಮಗಳ ಮುಖವನ್ನು ಫೋನಿನಲ್ಲಿ ನೋಡಿ ನೋಡಿ ಸಾಕಾಗಿದ್ದ. ಖಾಲಿ ಮನೆಯಲ್ಲಿ ಖಾಲಿ ತೊಟ್ಟಿಲು ಕಂಡರೆ ಅದನ್ನು ಒಮ್ಮೆ ತೂಗಿ ಮುಂದೆ ಹೋಗುತ್ತಿದ್ದ. ಹೊಸ ವರ್ಷಕ್ಕೆ ಇನ್ನೂ ಎರಡೂವರೆ ತಿಂಗಳು.

ಬೆಳಿಗ್ಗೆ ಎದ್ದಾಗ ಉಪಾಯ ಹೊಳೆಯಿತು. ಮಗು ಹುಟ್ಟಿದಾಗ ಉಡುಗೊರೆ ಕೊಟ್ಟ ನೆಂಟರಿಗೆ ಮರಳಿ ಕೊಡಲೆಂದು ಮಾವ ತಮ್ಮ ಗದ್ದೆಯ ಹೊಸ ಅಕ್ಕಿಯನ್ನು ಎಂಟು ಚೀಲ ತುಂಬಿಸಿ ಕಳಿಸಿದ್ದರು. ಒಂದೊಂದು ಚೀಲವೂ ಸುಜು ಹುಟ್ಟಿದ ದಿನ ತೂಗಿದಷ್ಟೇ ತೂಕ, ಮೂರು ಕಿಲೋ ನೂರನಲವತ್ತು ಗ್ರಾಂ. ಮೇಲೆ ಅವಳದೇ ಮುಖದ ಚಿತ್ರ. ದೂರದ ನೆಂಟರು ಚೀಲವನ್ನು ಎತ್ತಿಕೊಂಡು, ಮಗುವನ್ನೇ ಎತ್ತಿಕೊಂಡೆವೆಂದು ಸಂತೋಷಪಡಲಿ ಎಂಬ ಏರ್ಪಾಡು. ನೆಂಟರು ಎತ್ತಿಕೊಳ್ಳಬಹುದಾದರೆ ಅಪ್ಪ ನೀರೆರೆಯಬಾರದೇ?

ಒಂದು ಚೀಲವನ್ನು ಹೊರತೆಗೆದ. ಸುಜುವಿನ ಅಂಗಿ ಚಡ್ಡಿ ತೊಡಿಸಿ ನೋಡಿದ, ಸರಿಯಾಗಿ ಕೂತಿತು. ಮಗುವಿಗೆ ನೀರೆರೆಯುವುದನ್ನು ಕಲಿಸುವ ವಿಡಿಯೋ ಹಾಕಿ ಫೋನನ್ನು ಎದುರಿಗಿಟ್ಟ. ತೊಟ್ಟಿಗೆ ನೀರು ತುಂಬಿ, ಬಿಸಿ ಎಷ್ಟಿದೆಯೆಂದು ಮೂರು ಸಲ ಅಳೆದ. ಎಡಗೈ ಕತ್ತಿನ ಕೆಳಗೆ, ಬಲಗೈ ಸೊಂಟದ ಕೆಳಗೆ. ಅಕ್ಕಿಗೆ ಕತ್ತೆಲ್ಲಿ, ಸೊಂಟವೆಲ್ಲಿ? ಕೈಗೆ ಸಿಕ್ಕಿದ ಮುದ್ದೆಯನ್ನು ಹಿಡಿದು, "ಹೆದರಬೇಡ ಪುಟ್ಟಿ, ಅಪ್ಪ ಇದ್ದೀನಿ" ಎಂದು ಇಳಿಸಿದ. ಅಪ್ಪ ಇದ್ದ. ಅಪ್ಪನ ಹಿಡಿತ ಇರಲಿಲ್ಲ. ಸೋಪು ಹಚ್ಚಿದ್ದೇ ತಡ, ಚೀಲ ಮೀನಿನಂತೆ ನುಣುಚಿ, ತೊಟ್ಟಿಯ ಅಂಚಿಗೆ ಒಮ್ಮೆ ಬಡಿದು, ಮುಖ ಕೆಳಗಾಗಿ ಮುಳುಗಿತು.

ಅಕ್ಕಿಗೆ ಗಾಳಿಯಾಡಲೆಂದು ಒಳಚೀಲಕ್ಕೆ ಸೂಜಿಮೊನೆಯಷ್ಟು ತೂತುಗಳಿರುತ್ತವೆ. ಗಾಳಿ ಹೋಗುವ ದಾರಿಯಲ್ಲಿ ನೀರಿಗೇನು ಅಡ್ಡಿ? ಅಭ್ಯಂಜನ ಮುಗಿಸಿ ಎತ್ತುವಾಗ ಚೀಲ ಎರಡರಷ್ಟು ಭಾರವಾಗಿತ್ತು. ಮಾವ ಬೆವರು ಸುರಿಸಿ ಬೆಳೆದ ಹೊಸ ಅಕ್ಕಿ! ಅನ್ನದ ಅಗುಳು ತಟ್ಟೆಯಲ್ಲಿ ಉಳಿದರೆ ಇಡೀ ದಿನ ಮಾತು ಬಿಡುವ ಮಹಾನುಭಾವರು ಅವರು.

ಬುದ್ಧಿವಂತನಿಗೆ ಮೂರು ಕಡೆ ಅನ್ನುವುದು ಸುಳ್ಳಲ್ಲ. ಮೊದಲು, ಬಿಸಿಲಿಗೆ ಒಣಗಿಸೋಣವೆಂದು ಚೀಲವನ್ನು ಅಂಗಿ ಸಮೇತ, ಮಗುವನ್ನು ಎದೆಗೆ ಕಟ್ಟಿಕೊಳ್ಳುವ ಪಟ್ಟಿಯಲ್ಲಿ ಕೂರಿಸಿ, ಮಹಡಿಯ ಬಟ್ಟೆ ಒಣಗಿಸುವ ಕೋಲಿಗೆ ನೇತುಹಾಕಿದ. ಪುಟ್ಟ ಚಡ್ಡಿಯ ಕಾಲುಗಳು ಗಾಳಿಗೆ ಓಲಾಡಿದವು. ಎರಡನೆಯದಾಗಿ, ಒದ್ದೆ ಅಕ್ಕಿ ಗಂಟುಕಟ್ಟಬಾರದೆಂದು ಹಾಸಿಗೆ ಬಡಿಯುವ ಬೆತ್ತವನ್ನು ತಂದು, ಚೀಲದ ಬೆನ್ನಿಗೆ ರಪರಪನೆ ಬಾರಿಸತೊಡಗಿದ.

ಎದುರು ಮನೆಯ ಕಿಟಕಿ ತೆರೆಯಿತು.

"ಏನಪ್ಪಾ ಅದು, ಏನು ಮಾಡ್ತಿದ್ದೀರಿ?" ಎಂದರು ಶಿಮೊಜೊ ಅಜ್ಜಿ.

ಟೊಮೊಯಾ ತಿರುಗಿಯೂ ನೋಡಲಿಲ್ಲ. ಪರಿಚಯವಿಲ್ಲದ ಮುದುಕಿಗೆ ವಿವರಣೆ ಯಾಕೆ? "ನೀರೆರೆದಿದ್ದೆ, ಒಣಗ್ಲಿ ಅಂತ ಹಾಕಿದ್ದೀನಿ. ಇನ್ನು ನಾಲ್ಕು ಬಾರಿಸಿದ್ರೆ ಸರಿಹೋಗುತ್ತೆ. ನಮ್ಮನೆ ವಿಷಯ ಅಜ್ಜಿ, ನೀವು ಒಳಗೆ ಹೋಗಿ."

ಅಜ್ಜಿ ಒಳಗೆ ಹೋದರು. ಸೀದಾ ಫೋನಿನ ಹತ್ತಿರ.

ಒಂದು ಗಂಟೆ ಬಾರಿಸಿದರೂ ಅಕ್ಕಿ ಒಣಗುವ ಲಕ್ಷಣ ಕಾಣಲಿಲ್ಲ. ಆಗ ಮೂರನೆಯ ಉಪಾಯ. ನೆನೆದ ಅಕ್ಕಿ ಹಳಸುವ ಮೊದಲು ಬೇಯಿಸಿಬಿಟ್ಟರೆ ಮಾವನಿಗೆ ದ್ರೋಹ ಮಾಡಿದಂತಾಗುವುದಿಲ್ಲ! ಚೀಲ ಒಡೆದು ಅಕ್ಕಿಯನ್ನು ನಾಲ್ಕೈದು ಸಲ ತೊಳೆದು ಸೋಪು ಬಿಡಿಸಿ, ಕುಕ್ಕರ್ ತುಂಬಿದ. ಅರ್ಧವೂ ಮುಗಿಯಲಿಲ್ಲ. ಮದುವೆಯಲ್ಲಿ ಬಂದ ದೊಡ್ಡ ಪಾತ್ರೆ, ಸಾರಿನ ಪಾತ್ರೆ, ಕೊನೆಗೆ ಮಗುವಿನ ಹಾಲುಬಾಟಲಿ ಕುದಿಸಲೆಂದು ತಂದಿದ್ದ ಪಾತ್ರೆಯನ್ನೂ ಒಲೆಗೇರಿಸಿದ. ಮೂರು ಜನರ ಸಂಸಾರದಲ್ಲಿ, ಒಬ್ಬರಿಗೆ ಹಲ್ಲೂ ಬಂದಿಲ್ಲದಿರುವಾಗ, ಮೂವತ್ತು ಜನರ ಅನ್ನ ಬೇಯತೊಡಗಿತು.

ಬಾಗಿಲ ಗಂಟೆ ಸದ್ದಾಯಿತು. ಕಡತ ಹಿಡಿದ ಹೆಂಗಸೊಬ್ಬರು, ಅವರ ಹಿಂದೆ ಎಳೆ ವಯಸ್ಸಿನ ಪೊಲೀಸಿನವನೊಬ್ಬ. ಮಕ್ಕಳ ರಕ್ಷಣೆಯ ಕಚೇರಿಯಿಂದ ಬಂದಿದ್ದೇವೆ, ಒಳಗೆ ಬರಬಹುದೇ ಎಂದು ಹೆಂಗಸು ವಿನಯದಿಂದಲೇ ಕೇಳಿ, ಚಪ್ಪಲಿ ಕಳಚಿ ಒಳಬಂದರು. ಒಳಗೆ ಆವಿಯೋ ಆವಿ. ಮೇಜಿನ ಮೇಲೆ ಒದ್ದೆಯಾದ ಪುಟ್ಟ ಅಂಗಿ ಚಡ್ಡಿ, ಪಕ್ಕದಲ್ಲಿ ಬೆತ್ತ.

"ಮಗು ಎಲ್ಲಿದೆ?"

"ನೀಗತಾದಲ್ಲಿ, ಅವರಜ್ಜಿ ಮನೇಲಿ."

"ಹಾಗಾದ್ರೆ ಬೆಳಿಗ್ಗೆ ಮಹಡಿ ಮೇಲೆ ನೇತುಹಾಕಿ ಹೊಡೀತಿದ್ದದ್ದು ಯಾರನ್ನ?"

"ಅದಾ? ಅದೂ ಸುಜುನೇ. ಅಂದ್ರೆ, ನಿಜವಾದ ಸುಜು ಅಲ್ಲ."

"ಆ ಸುಜು ಈಗೆಲ್ಲಿ?"

ಟೊಮೊಯಾ ಒಲೆಯ ಕಡೆ ನೋಡಿದ. "ಅರ್ಧ ಕುಕ್ಕರ್‌ನಲ್ಲಿದೆ."

ಪೊಲೀಸಿನವನ ಪೆನ್ನು ನಿಂತಿತು. ಹೆಂಗಸು ಕಡತವನ್ನು ಎದೆಗೊತ್ತಿಕೊಂಡರು. ತನ್ನ ಬಾಯಿಂದ ಏನು ಬಂತೆಂದು ಟೊಮೊಯಾನಿಗೆ ಹೊಳೆಯುವಷ್ಟರಲ್ಲಿ ತಡವಾಗಿತ್ತು. ಅಕ್ಕಿ, ಅಕ್ಕಿ ಎಂದು ತೊದಲುತ್ತಾ ಓಡಿಹೋಗಿ ಗೋಡೆಯ ಬೀರುವಿನ ಬಾಗಿಲನ್ನು ಸರ್ರನೆ ಸರಿಸಿದ. ಒಳಗೆ ಏಳು ಸುಜುಗಳು ಸಾಲಾಗಿ ಕೂತು ನಗುತ್ತಿದ್ದವು. ಪೊಲೀಸಿನವನು ಒಂದೊಂದನ್ನೇ ಎತ್ತಿ, ಒತ್ತಿ ನೋಡಿ, "ಅಕ್ಕಿನೇ ಮೇಡಂ, ಏಳೂ ಅಕ್ಕಿನೇ" ಎಂದು ವರದಿ ಒಪ್ಪಿಸಿದ. ಹೆಂಗಸು ಕೆಳತುಟಿ ಕಚ್ಚಿ ಹಿಡಿದು ಬಹಳ ಹೊತ್ತು ಕಿಟಕಿಯಾಚೆ ನೋಡಿದರು.

ಅಷ್ಟಕ್ಕೆ ಮುಗಿಯಿತೇ? ದೂರು ಬಂದ ಮೇಲೆ ನಿಜವಾದ ಮಗುವನ್ನು ಕಣ್ಣಾರೆ ನೋಡದೆ ಹೋಗುವಂತಿಲ್ಲವಂತೆ. ಮಗು ಮೂರು ಗಂಟೆಗೆ ಬರುತ್ತದೆಂದು ಟೊಮೊಯಾ ಹೇಳಿದ್ದೇ, ಹಾಗಾದರೆ ಕಾಯುತ್ತೇವೆ ಎಂದು ಕೂತರು. ಅಷ್ಟರಲ್ಲಿ ದೂರು ಕೊಟ್ಟ ಶಿಮೊಜೊ ಅಜ್ಜಿಯೂ, ಏಟು ತಿಂದದ್ದು ಅಕ್ಕಿ ಚೀಲವೆಂದು ತಿಳಿದು, ಮೂಲಂಗಿ ಉಪ್ಪಿನಕಾಯಿಯ ಡಬ್ಬಿ ಹಿಡಿದು ಬಂದರು. ಅನ್ನ ಬೆಂದ ವಾಸನೆ ಅವರ ಮನೆಯವರೆಗೂ ಹೋಗಿತ್ತು. ಟೊಮೊಯಾ ಬೇರೆ ದಾರಿಯಿಲ್ಲದೆ ಅನ್ನವನ್ನು ಉಂಡೆ ಕಟ್ಟಿ ಕಟ್ಟಿ ಬಡಿಸಿದ. ಪೊಲೀಸಿನವನು ಐದನೆಯ ಉಂಡೆ ಮುಗಿಸಿ, ಎಲ್ಲೋ ಸೋಪಿನ ಘಮ ಬರ್ತಿದೆಯಲ್ಲ ಎಂದ. ಅಜ್ಜಿ, ಮಗುವಿಗೆ ಹಚ್ಚುವ ಸೋಪು, ತಿಂದರೇನೂ ಆಗಲ್ಲ ಎಂದು ಸಮಾಧಾನ ಹೇಳಿದರು.

ಸರಿಯಾಗಿ ಮೂರಕ್ಕೆ ಟ್ಯಾಕ್ಸಿ ನಿಂತಿತು. ಬಾಗಿಲಲ್ಲಿ ಪೊಲೀಸಿನ ಬೂಟು ಸೇರಿ ಮೂರು ಜೊತೆ ಅಪರಿಚಿತ ಪಾದರಕ್ಷೆ ಕಂಡು ಅತ್ತೆಯ ಹುಬ್ಬು ಮೇಲೇರಿತು. ವಿಷಯವನ್ನು ಅಜ್ಜಿಯೇ ಮೊದಲಿಂದ ಕೊನೆಯವರೆಗೆ, ಬೆತ್ತದ ಏಟನ್ನು ಕೈಯಲ್ಲಿ ಅಭಿನಯಿಸಿ, ಹೇಳಿದರು. ಅತ್ತೆ ಅಡುಗೆಮನೆಗೆ ಹೋಗಿ, ನಾಲ್ಕೂ ಪಾತ್ರೆಗಳ ಮುಚ್ಚಳ ತೆಗೆದು ನೋಡಿ ಬಂದರು.

ಕಡತದ ಹೆಂಗಸು ಸುಜುವಿನ ಕೈಕಾಲು ನೋಡಿ, ಚೆನ್ನಾಗಿದ್ದಾಳೆ ಎಂದು ಬರೆದುಕೊಂಡರು. ಆಮೇಲೆ, "ಒಂದ್ಸಲ ತಂದೆ ಎತ್ಕೊಳ್ಳಲಿ, ನೋಡೋಣ" ಎಂದರು.

ಚಿಹಾರು ಮಗುವನ್ನು ಅವನ ಕೈಗಿಟ್ಟಳು. ಎಡಗೈ ಕತ್ತಿಗೆ, ಬಲಗೈ ಸೊಂಟಕ್ಕೆ. ಆದರೆ ಬೆಳಗಿನಿಂದ ಕೈಗೆ ರೂಢಿಯಾದ ತೂಕ ಇದಲ್ಲ. ಅವನು ಅಭ್ಯಾಸ ಮಾಡಿದ್ದು ಹುಟ್ಟಿದ ದಿನದ ಮಗುವಿನ ಮೇಲೆ. ಐವತ್ತು ದಿನಗಳಲ್ಲಿ ಮಗು ಅಪ್ಪನನ್ನು ಒಂದು ಮಾತೂ ಕೇಳದೆ ಬೆಳೆದಿತ್ತು, ನಾಲ್ಕೂವರೆ ಕಿಲೋ ಆಗಿತ್ತು. ಅಕ್ಕಿ ಅಲುಗುತ್ತಿರಲಿಲ್ಲ, ಇದು ಬೆಚ್ಚಗೆ ಮಿಸುಕಾಡಿ, ಅವನ ಅಂಗಿಯ ಗುಂಡಿಯನ್ನು ನೋಡಿ ಹುಬ್ಬು ಗಂಟಿಕ್ಕಿತು. ಟೊಮೊಯಾನ ಕಣ್ಣು ತುಂಬಿ ಬಂತು.

"ನನಗೆ ಬರಲ್ಲ" ಎಂದ. "ನೀರೆರೆಯೋಕೆ ಬರಲ್ಲ, ಎತ್ಕೊಳ್ಳೋಕೂ ಬರಲ್ಲ. ಸುಳ್ಳು ಹೇಳ್ದೆ."

ಜೀವಮಾನದಲ್ಲಿ ಅವನಾಡಿದ ಮೊದಲ ನಿಜ ಅದು. ಅತ್ತೆಗೆ ಅಷ್ಟು ಸಾಕಾಯಿತು. ಬಿಚ್ಚದ ಪೆಟ್ಟಿಗೆಯನ್ನು ಮತ್ತೆ ಕೈಗೆತ್ತಿಕೊಂಡು, ನಾಲ್ಕೂವರೆಗೆ ಗಾಡಿಯಿದೆ, ಹೊರಡು ಎಂದು ಮಗಳಿಗೆ ಹೇಳಿದರು.

ಚಿಹಾರು ಕದಲಲಿಲ್ಲ. "ನಾನು ಬರಲ್ಲಮ್ಮ. ನಾನು ಕಲಿಯೋದೆಲ್ಲ ನಿನ್ನ ಹತ್ರ ಕಲಿತಾಯ್ತು, ಮಗೂನ ನಾನು ನೋಡ್ಕೊಳ್ತೀನಿ. ಕಲೀಬೇಕಾದವನು ಇವನು. ರಜೆ ಬೇರೆ ಇದೆ. ಇವನನ್ನ ಕರ್ಕೊಂಡು ಹೋಗಿ ಸಾಕಿ, ಬುದ್ಧಿ ಬಂದ್ಮೇಲೆ ಕಳಿಸು."

ಮನೆಯಲ್ಲಿ ಎಲ್ಲರೂ ಅತ್ತೆಯ ಬಾಯನ್ನೇ ನೋಡಿದರು. ಅತ್ತೆ ಅಳಿಯನನ್ನು ಕಾಲಿನಿಂದ ತಲೆಯವರೆಗೆ, ತಲೆಯಿಂದ ಮತ್ತೆ ಕಾಲಿನವರೆಗೆ ಅಳೆದು, ಪೆಟ್ಟಿಗೆಯನ್ನು ನಿಧಾನವಾಗಿ ಕೆಳಗಿಟ್ಟರು.

"ಬೇಡ ಕಣೆ, ನಿನ್ನ ಹತ್ರಾನೇ ಇರ್ಲಿ. ನಾಲ್ಕು ಕಿಲೋದ್ದು ಕೊಟ್ಟಿದ್ರೆ ಹೇಗೋ ಸಾಕ್ತಿದ್ದೆ. ಎಪ್ಪತ್ತು ಕಿಲೋದ್ದನ್ನ ಈ ವಯಸ್ಸಲ್ಲಿ ಎತ್ತಿ ಆಡ್ಸೋಕೆ ನನ್ನ ಸೊಂಟದಲ್ಲಿ ಶಕ್ತಿ ಇಲ್ಲ."