ಹನ್ನೆರಡರ ಪಟ

ತಕ್ಕಡಿ ಸಾಹೇಬರ ಪಾಡಿಗೆಲ್ಲ ಒಂದು ಅರ್ಜಿಯ ಐದನೇ ಕಾಲಮ್ಮು ಕಾರಣ. ಆರು ತಿಂಗಳ ಹಿಂದೆ ಕಡಲತೀರದ ಕೈಟ್ ಸರ್ಫಿಂಗ್ ಶಾಲೆಗೆ ಸೇರುವಾಗ, ತೂಕ ಎಷ್ಟೆಂದು ಕೇಳಿದ್ದ ಕಡೆ ಅವರು ಅರವತ್ತೆಂಟು ಎಂದು ಬರೆದುಬಿಟ್ಟರು. ಆಗ ಅವರಿದ್ದದ್ದು ಎಂಬತ್ತನಾಲ್ಕು. ಬೇರೆ ಯಾರೇ ಬರೆದಿದ್ದರೂ ಪಾಪ, ನಾಚಿಕೆ ಎನ್ನಬಹುದಿತ್ತು. ಆದರೆ ಊರಿನ ಅಂಗಡಿಗಳ ತಕ್ಕಡಿಗಳನ್ನೆಲ್ಲ ಪರೀಕ್ಷೆ ಮಾಡಿ ಮುದ್ರೆ ಒತ್ತುವ ಸರ್ಕಾರಿ ಅಧಿಕಾರಿಯೇ ತಮ್ಮ ತೂಕ ಸುಳ್ಳು ಬರೆದರೆಂದು ತಿಳಿದರೆ ನಾಳೆ ಯಾವ ಅಂಗಡಿಯವನು ಎದ್ದು ನಿಂತಾನು?

ದೊಡ್ಡ ಗಾಳಿಪಟವನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಬಿಟ್ಟರೆ ಪಟದ ಎಳೆತ ಸಡಿಲವಾಗುವ ಕೋಲೊಂದನ್ನು ಹಿಡಿದು, ಹಲಗೆ ಮೇಲೆ ನಿಂತು ನೀರಲ್ಲಿ ಜಾರುವ ಆ ಆಟಕ್ಕೆ ತೂಕವೇ ಮೂಲ. ಆಳಿನ ತೂಕ, ಗಾಳಿಯ ವೇಗ ಎರಡನ್ನೂ ಕೋಷ್ಟಕದಲ್ಲಿ ನೋಡಿ ಮೇಷ್ಟ್ರು ಪಟದ ಅಳತೆ ಹೇಳುತ್ತಿದ್ದರು. ಪಟ ಚಿಕ್ಕದಾದರೆ ಆಳು ನೀರಿಂದ ಮೇಲೇಳುವುದಿಲ್ಲ. ದೊಡ್ಡದಾದರೆ ಆಳಿನ ಮಾತು ಪಟ ಕೇಳುವುದಿಲ್ಲ. ಮೊದಲ ತಿಂಗಳಲ್ಲೇ ನಡೆದ ಎರಡು ಪರೀಕ್ಷೆಯಲ್ಲೂ ಸಾಹೇಬರಿಗೆ ಸಿಕ್ಕಿದ್ದು ಒಂಬತ್ತು ಚದರ ಮೀಟರಿನ ಪಟ. ಎರಡು ಸಲವೂ ಅವರು ಸೊಂಟದ ಮಟ್ಟದ ನೀರಲ್ಲಿ ಕಂಬದ ಹಾಗೆ ನಿಂತು ವಾಪಸು ಬಂದರು.

ಅಂದಿನಿಂದ ಮನೆಯಲ್ಲಿ ಹೆಂಡತಿಯ ಕಟ್ಟುನಿಟ್ಟು. ಅರೆಹೊಟ್ಟೆ ಊಟ, ಎರಡು ಹೊತ್ತು ನಡಿಗೆ. ಭಾನುವಾರ ಬೆಳಗ್ಗೆ ಬಚ್ಚಲುಮನೆಯ ತೂಕದ ಯಂತ್ರದ ಮೇಲೆ ನಿಂತರೆ ಮುಳ್ಳು ಮಾತ್ರ ಎಂಬತ್ತನಾಲ್ಕಕ್ಕೆ ಅಂಟಿಕೊಂಡೇ ಇರುತ್ತಿತ್ತು. ಸಾಹೇಬರಿಗೆ ಅಳು ಬರುವುದೊಂದು ಬಾಕಿ.

ಇವತ್ತು ಮೂರನೇ ಪರೀಕ್ಷೆ. ಪಾಸಾದರೆ ಒಬ್ಬರೇ ಕಡಲಿಗಿಳಿಯುವ ಪರವಾನಗಿ, ಫೇಲಾದರೆ ಮತ್ತೆ ಮೊದಲ ಪಾಠದಿಂದ. ಹೆಂಡತಿ ಟವೆಲ್ ಹಿಡಿದು ಬಂದಿದ್ದಳು, ಜೊತೆಗೆ ಅವಳ ತಮ್ಮ.

"ಗಾಳಿ ಹದಿನಾರು ನಾಟ್. ನೀವು ಅರವತ್ತೆಂಟು. ಒಂಬತ್ತರದ್ದು ತಗೊಳ್ಳಿ," ಎಂದರು ಮೇಷ್ಟ್ರು.

"ಹನ್ನೆರಡರದ್ದು ಕೊಡಿ ಮೇಷ್ಟ್ರೇ."

"ಯಾಕೆ ಸಾರ್?"

"ಯಾಕೋ ಮನಸ್ಸಿಗೆ ಹಾಗನ್ನಿಸ್ತಿದೆ."

"ಕೋಷ್ಟಕದಲ್ಲಿ ಮನಸ್ಸಿಗೆ ಕಾಲಮ್ಮಿಲ್ಲ ಸಾರ್."

"ದೊಡ್ಡದೇ ಕೊಡ್ರೀ," ಎಂದು ಭಾವಮೈದುನ ತಲೆಹಾಕಿದ. "ಛತ್ರಿ ಆದ್ರೂ ದೊಡ್ಡದೇ ತಗೋಬೇಕು."

ದಡದ ಮೀನಿನಂಗಡಿಯಾಕೆ ಕುಳಿತಲ್ಲಿಂದಲೇ ಕೂಗಿದಳು: "ಬೇಡ ಮೇಷ್ಟ್ರೇ, ಚಿಕ್ಕದು ಕೊಡಿ. ಸಾಹೇಬ್ರು ಈಚೆಗೆ ಸೊರಗಿ ಹೋಗಿದಾರೆ."

ಸಾಹೇಬರಿಗೆ ಇದು ವ್ಯಂಗ್ಯವಾಗಿ ಕೇಳಿಸಿತು. ಸೊಂಟಪಟ್ಟಿಯನ್ನು ಮೂರು ತೂತು ಒಳಗೆ ಬಿಗಿಯಬೇಕಾಗಿ ಬಂದದ್ದಕ್ಕೂ ಅವರು ಪಟ್ಟಿ ಹಿಗ್ಗಿದೆಯೆಂದೇ ಲೆಕ್ಕ ಹಾಕಿದ್ದರು. ಮೇಷ್ಟ್ರನ್ನು ಪಕ್ಕಕ್ಕೆ ಕರೆದು, ಜೀವಮಾನದ ಮರ್ಯಾದೆಯನ್ನು ಕೈಯಲ್ಲಿ ಹಿಡಿದುಕೊಂಡು ಪಿಸುಗುಟ್ಟಿದರು: "ಅರ್ಜೀಲಿ ಬರೆದಿದ್ದು ಸುಳ್ಳು. ನಾನು ಎಂಬತ್ನಾಲ್ಕು."

ಮೇಷ್ಟ್ರು ಅವರನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. "ಹಾಗೆ ಕಾಣಲ್ವಲ್ಲ?"

"ಮೂಳೆ ಭಾರ. ಇವತ್ತು ಬೆಳಗ್ಗೆ ಕಣ್ಣಾರೆ ನೋಡ್ಕೊಂಡು ಬಂದಿದೀನಿ."

"ತೂಕದ ವಿಷಯ ನಿಮಗಿಂತ ನನಗೇನು ಗೊತ್ತು ಬಿಡಿ," ಎಂದು ಮೇಷ್ಟ್ರು ಹನ್ನೆರಡರ ಪಟದ ಅಂಚಿನ ಕೊಳವೆಗೆ ಗಾಳಿ ತುಂಬಿದರು.

ಪಟ ಎದ್ದಿತು. ಸಾಹೇಬರೂ ಎದ್ದರು. ಮೊದಲ ಸಲ ನೀರು ಬಿಟ್ಟು ಮೇಲೆ ಬಂದ ಖುಷಿಗೆ ಅವರ ಬಾಯಿ ಕಿವಿಯವರೆಗೆ ಹೋಯಿತು. ಅಷ್ಟರಲ್ಲಿ ಗಾಳಿ ಒಮ್ಮೆ ಜೋರಾಗಿ ಬೀಸಿತು. "ಕೋಲು ಬಿಡಿ ಸಾರ್, ಕೋಲು ಬಿಡಿ," ಎಂದು ಮೇಷ್ಟ್ರು ಕೂಗಿದಷ್ಟೂ ಸಾಹೇಬರು ಕೋಲನ್ನು ಎದೆಗವಚಿಕೊಂಡರು. ಹಲಗೆ ಒಂದು ದಿಕ್ಕಿಗೆ, ಸಾಹೇಬರು ಇನ್ನೊಂದು ದಿಕ್ಕಿಗೆ. ಪಟ ಅವರನ್ನು ನೀರಿಂದ ಮರಳಿಗೆ, ಮರಳಿಂದ ಮೀನಿನ ಬುಟ್ಟಿಗಳ ನಡುವೆ ಎಳೆದು ತಂದು, ಅಂಗಡಿಯ ಚಾವಣಿ ಮೇಲೆ ತಾನು ಮಲಗಿತು. ಸಾಹೇಬರು ಬಂದು ಕೂತದ್ದು ಮೀನು ತೂಗುವ ದೊಡ್ಡ ತಕ್ಕಡಿಯ ಹಲಗೆ ಮೇಲೆ.

ಮುಳ್ಳು ಅತ್ತಿತ್ತ ಓಲಾಡಿ ನಿಂತಿತು. ಅಂಗಡಿಯಾಕೆ ಅಭ್ಯಾಸಬಲದಿಂದ ಓದಿದಳು: "ಎಪ್ಪತ್ತು. ಒದ್ದೆ ಬಟ್ಟೆ ಸೇರಿ."

"ನಿನ್ನ ತಕ್ಕಡಿ ಮೋಸದ್ದು," ಎಂದರು ಸಾಹೇಬರು ಏದುಸಿರಿನಲ್ಲಿ.

ಅವಳು ತಕ್ಕಡಿಯ ಮೇಲೆ ಹೋದ ಮಂಗಳವಾರ ಅವರೇ ಒತ್ತಿದ್ದ ಮುದ್ರೆ ತೋರಿಸಿದಳು.

ಹಿಂದೆಯೇ ಓಡಿ ಬಂದ ಮೇಷ್ಟ್ರು ಮುಳ್ಳನ್ನು ನೋಡಿ ತಲೆ ಚಚ್ಚಿಕೊಂಡರು. "ನಿಮ್ಮ ಸುಳ್ಳೇ ಸರಿಯಾಗಿತ್ತಲ್ಲ ಸಾರ್. ಒಂಬತ್ತರಲ್ಲಿ ಹೋಗಿದ್ರೆ ಪಾಸಾಗ್ತಿದ್ರಿ."

ಸಾಹೇಬರು ನಿಧಾನವಾಗಿ ಹೆಂಡತಿಯ ಕಡೆ ತಿರುಗಿದರು. ಅವಳು ಟವೆಲ್ ಹೊದಿಸಿ ಹೇಳಿದಳು: "ಬಚ್ಚಲುಮನೆ ಯಂತ್ರದ ತಿರುಪು ವಾರಕ್ಕೊಂದು ಚೂರು ತಿರುಗಿಸ್ತಿದ್ದೆ. ಎರಡು ಕೆಜಿ ಇಳಿದಿದೆ ಅಂತ ಗೊತ್ತಾಗಿದ್ರೆ ಅವತ್ತೇ ತಟ್ಟೆ ತುಂಬಿಸ್ಕೋತಿದ್ರಿ. ಅಂಗಡಿಯವರು ಹೇಗೆ ಮೋಸ ಮಾಡ್ತಾರೆ ಅಂತ ದಿನಾ ಊಟಕ್ಕೆ ಕೂತಾಗ ನೀವೇ ಹೇಳ್ಕೊಟ್ಟಿದ್ದು."

"ಆ ಯಂತ್ರಾನ ಇವತ್ತೇ ಜಪ್ತಿ ಮಾಡ್ತೀನಿ."

"ಮಾಡಿ. ಬೇರೆ ತರ್ತೀನಿ. ಅದಕ್ಕೂ ತಿರುಪು ಇರತ್ತೆ."

ಮೇಷ್ಟ್ರು ಹೊಸ ಅರ್ಜಿ ತಂದು ಕೈಗಿತ್ತರು. ಸಾಹೇಬರು ಮರಳು ಕೊಡವಿಕೊಂಡು ನಾಲ್ಕು ಕಾಲಮ್ಮು ತುಂಬಿದರು. ಐದನೆಯದು ಬಂದಾಗ ಪೆನ್ನು ನಿಲ್ಲಿಸಿ, ಹೆಂಡತಿಯನ್ನು ಕೇಳಿದರು: "ಏನಂತ ಬರೀಲಿ?"