ಕೈಗುಣದ ಕುಂಬಳಕಾಯಿ

ಇಷ್ಟೆಲ್ಲ ರಾಮಾಯಣಕ್ಕೆ ಕಾರಣ ಒಂದೇ ಒಂದು ಹನಿ. ಬೆಳಗ್ಗೆ ಅದು ಡಿಪೋದ ಉಸ್ತುವಾರಿಯ ಬೋಳುತಲೆಯ ನಟ್ಟನಡುವೆ ಬಿತ್ತು. ಅವನು ಒರೆಸಿಕೊಂಡು ಮೇಲೆ ನೋಡಿದ. ಮೇಲಿದ್ದದ್ದು ಆಕಾಶವಲ್ಲ, ದ್ರವಗೊಬ್ಬರದ ಟ್ಯಾಂಕಿನ ಹೊಟ್ಟೆ. ಅದರ ವಾಲ್ವಿನ ಕುತ್ತಿಗೆಯಲ್ಲಿ ಇನ್ನೊಂದು ಹನಿ, ಬೀಳಲೋ ಬೇಡವೋ ಎಂದು ಯೋಚಿಸುತ್ತ ತೂಗಾಡುತ್ತಿತ್ತು.

ಟ್ಯಾಂಕಿನ ಕೆಳಗೆ ಅವನು ನುಸುಳುವುದೇ ಅಪರೂಪ. ಮಧ್ಯಾಹ್ನ ಹೆಡ್ಡಾಫೀಸಿನಿಂದ ತಪಾಸಣೆಗೆ ಸಾಹೇಬರು ಬರುವವರಿದ್ದರು. ಜೇಡರ ಬಲೆಯನ್ನಾದರೂ ಹೊಡೆಯೋಣವೆಂದು ಪೊರಕೆ ಹಿಡಿದು ಬಗ್ಗಿದ್ದ. ಡಿಪೋದಲ್ಲಿ ಇದ್ದದ್ದು ಎರಡೇ ಟ್ಯಾಂಕು, ಒಂದರಲ್ಲಿ ಗೊಬ್ಬರ, ಇನ್ನೊಂದರಲ್ಲಿ ಎಣ್ಣೆ. ಎರಡೂ ಕಬ್ಬಿಣದ ಕಾಲುಗಳ ಮೇಲೆ ಅಣ್ಣತಮ್ಮಂದಿರಂತೆ ನಿಂತಿದ್ದವು. ಏನಾದರೂ ಚೆಲ್ಲಿದರೆ ಹೊರಗೆ ಹರಿಯದಿರಲೆಂದು ಸುತ್ತ ಮೊಣಕಾಲೆತ್ತರದ ಸಿಮೆಂಟು ಕಟ್ಟೆ. ಕಟ್ಟೆಯ ಬುಡದಲ್ಲಿ ಮಳೆನೀರು ಬಿಡಲು ಒಂದು ತೂತು, ತೂತಿಗೊಂದು ಬಿರಡೆ. ನೀರು ಹೋದಮೇಲೆ ಬಿರಡೆ ಹಾಕಬೇಕೆನ್ನುವುದು ಡಿಪೋದ ಮೊದಲನೆಯ ನಿಯಮ. ಬಿರಡೆ ಪಕ್ಕದಲ್ಲೇ ಬಿದ್ದಿತ್ತು. ಅದರ ಸುತ್ತ ಹುಲ್ಲು ಬೆಳೆದಿತ್ತು. ಕಳೆದ ಮಳೆಗಾಲದಲ್ಲಿ ಅದನ್ನು ತೆಗೆದವನು ಯಾರೆಂದು ಅವನಿಗೆ ಚೆನ್ನಾಗಿ ನೆನಪಿತ್ತು, ಏಕೆಂದರೆ ಅವನೇ ತೆಗೆದಿದ್ದ.

ತೂತಿನಿಂದ ಹೊರಟ ಒದ್ದೆ ಗೆರೆಯನ್ನು ಅವನು ಕಣ್ಣಲ್ಲೇ ಹಿಂಬಾಲಿಸಿದ. ಅದು ಹುಲ್ಲಿನೊಳಗೆ ಹಾದು, ಕಾಂಪೌಂಡ್ ಗೋಡೆಯ ಬಿರುಕಿನಲ್ಲಿ ನುಸುಳಿ, ನೆಟ್ಟಗೆ ಅವನದೇ ಕ್ವಾರ್ಟರ್ಸಿನ ಹಿತ್ತಲಿಗೆ ಇಳಿದಿತ್ತು. ಹಿತ್ತಲಿನಲ್ಲಿ ಇದ್ದದ್ದು ಅವನ ಕುಂಬಳದ ಬಳ್ಳಿ.

ಆ ಬಳ್ಳಿಯ ಕತೆಯೇ ಬೇರೆ. ಹೆಂಡತಿ ಪಾತ್ರೆ ತೊಳೆದ ನೀರಿನ ಜೊತೆ ಎಸೆದ ಬೀಜ ಅದು. ತಾನಾಗಿ ಹುಟ್ಟಿ, ಗೋಡೆ ಹತ್ತಿ, ಬಟ್ಟೆ ಒಣಹಾಕುವ ತಂತಿಯನ್ನೂ ಆಕ್ರಮಿಸಿ, ಒರಳುಕಲ್ಲಿನಂಥ ಕಾಯಿಗಳನ್ನು ಬಿಟ್ಟಿತ್ತು. ಪಕ್ಕದ ಮನೆಯ ನಿವೃತ್ತ ಮೇಷ್ಟ್ರು ದಿನಾ ಟೇಪು ತಂದು ಅವುಗಳ ಸುತ್ತಳತೆ ನೋಡುತ್ತಿದ್ದರು. "ಎಂಥಾ ಕೈಗುಣಾರೀ ನಿಮ್ದು!" ಎಂದು ಅವರು ಮೊದಲ ಸಲ ಉದ್ಗರಿಸಿದಾಗ ಉಸ್ತುವಾರಿ ನಿಜ ಹೇಳಬಹುದಿತ್ತು. ಹೇಳಲಿಲ್ಲ. ಹುಟ್ಟಿದಾಗಿನಿಂದ ಯಾರೂ ಅವನನ್ನು ಯಾವುದಕ್ಕೂ ಹೊಗಳಿರಲಿಲ್ಲ, ಪಾಪ. "ಅದಕ್ಕೊಂದು ಗುಟ್ಟಿದೆ ಮೇಷ್ಟ್ರೇ" ಎಂದುಬಿಟ್ಟ. ಹೆಂಡತಿ ಕೇಳಿದಾಗಲೂ ಅದನ್ನೇ ಅಂದ. ಬೀದಿಯಲ್ಲಿ ಅವನಿಗೆ 'ಕೈಗುಣದವರು' ಎಂದೇ ಹೆಸರು ಬಿತ್ತು. ಅವನಿಗೂ ಗೊತ್ತಿರದಿದ್ದ ಆ ಗುಟ್ಟು ಈಗ ತಲೆಯ ಮೇಲೆ ಬಿದ್ದಿತ್ತು.

ವಾಚ್‌ಮನ್ ದಿನಾ ಬೆಳಗ್ಗೆ ಕಟ್ಟೆಯೊಳಗೆ ನೀರು ಹಾಕಿ ತೊಳೆಯುತ್ತಿದ್ದ. ರಾತ್ರಿಯೆಲ್ಲ ತೊಟ್ಟಿಕ್ಕಿದ ಗೊಬ್ಬರ ಆ ನೀರಿನಲ್ಲಿ ಬೆರೆತು ಬಳ್ಳಿಯ ಬುಡಕ್ಕೆ ಹೋಗುತ್ತಿತ್ತು. ಕೃಷಿ ವಿಜ್ಞಾನಿಯೊಬ್ಬ ಕೂತು ಕಲಸಿದ್ದರೂ ಅಷ್ಟು ಹದ ಬರುತ್ತಿರಲಿಲ್ಲ. ಆದರೆ ಸಾಹೇಬರು ಇದನ್ನು ಕೈಗುಣ ಎನ್ನುತ್ತಾರೆಯೇ? ನಿರ್ಲಕ್ಷ್ಯ ಎನ್ನುತ್ತಾರೆ. ಪಕ್ಕದ ಊರಿನ ಡಿಪೋದಲ್ಲಿ ಹೀಗೇ ನಿರ್ಲಕ್ಷ್ಯ ಮಾಡಿ ಸಿಕ್ಕಿಬಿದ್ದವನು ನೌಕರಿಯನ್ನೂ ಕ್ವಾರ್ಟರ್ಸನ್ನೂ ಒಂದೇ ದಿನ ಖಾಲಿ ಮಾಡಿದ್ದ.

"ಏನ್ ಸಾರ್, ಟ್ಯಾಂಕಿನ ಕೆಳಗೆ ತಪಸ್ಸಿಗೆ ಕೂತಿದೀರಾ?" ವಾಚ್‌ಮನ್ ಬಗ್ಗಿ ನೋಡಿದ.

"ಮೆತ್ತಗೆ ಮಾತಾಡೋ. ವಾಲ್ವು ಸೋರ್ತಾ ಇದೆ."

"ಓ, ಅದಾ! ಅದು ಯಾವ ಕಾಲದಿಂದ್ಲೋ ಸೋರ್ತಿದೆ."

"ಅಯ್ಯೋ ಪುಣ್ಯಾತ್ಮ, ಒಂದು ಮಾತು ಹೇಳ್ಬಾರ್ದಿತ್ತಾ?"

"ನೀವು ಕೇಳ್ಲೇ ಇಲ್ವಲ್ಲ ಸಾರ್."

ವಾಚ್‌ಮನ್ ಒಳ್ಳೆಯವನು. ಕೇಳಿದವರಿಗೆ ಕೇಳಿದ್ದಕ್ಕಿಂತ ಒಂದು ಹಿಡಿ ಹೆಚ್ಚೇ ಸಹಾಯ ಮಾಡುವವನು. "ಹೆದರ್ಬೇಡಿ. ನನ್ನ ಹತ್ರ ಒಂದು ಮದ್ದಿದೆ. ಬಿಳಿ ಉಂಡೆ, ಕಪ್ಪು ಉಂಡೆ, ಎರಡನ್ನೂ ಕಲಸಿ ಮೆತ್ತಿಬಿಟ್ರೆ ಕಲ್ಲಾಗುತ್ತೆ. ನಮ್ಮತ್ತೆ ಮನೆ ಡ್ರಮ್ಮಿಗೆ ಮೆತ್ತಿದ್ದೆ. ಡ್ರಮ್ಮೇ ತುಕ್ಕು ಹಿಡಿದು ಉದುರಿಹೋಯ್ತು, ಮೆತ್ತಿದ್ದು ಹಾಗೇ ಇದೆ" ಎಂದ.

ಇಬ್ಬರೂ ಸೇರಿ ಕಲಸಿದರು, ಮೆತ್ತಿದರು. ಕಟ್ಟೆಯ ನೆಲದಲ್ಲಿ ಉಪ್ಪಿನಂತೆ ಕಟ್ಟಿಕೊಂಡಿದ್ದ ಬಿಳಿ ಪುಡಿಯನ್ನು ಕೆರೆದು ತೊಳೆದರು. ಬಿರಡೆಯನ್ನು ಹುಲ್ಲಿನಿಂದ ಕಿತ್ತು ತೂತಿಗೆ ಬಡಿದರು. ಮೆತ್ತಿದ ಜಾಗಕ್ಕೆ ಬೂದುಬಣ್ಣ ಹೊಡೆದಾಗ ವಾಲ್ವು ಹೊಸ ಮದುಮಗನ ಹಾಗೆ ಮಿಂಚಿತು. ಆದ ನಷ್ಟ ಒಂದೇ: ಉಸ್ತುವಾರಿಯ ಬಲಗೈಯ ಹೆಬ್ಬೆರಳೂ ತೋರುಬೆರಳೂ ಒಂದಕ್ಕೊಂದು ಅಂಟಿಕೊಂಡು, ಅವನು ಸದಾ ನಶ್ಯದ ಚಿಟಿಕೆ ಹಿಡಿದವನಂತೆ ಕಾಣತೊಡಗಿದ. ಸೀಮೆಎಣ್ಣೆಯಲ್ಲಿ ಅದ್ದಿದರೂ ಬೆರಳು ಬಿಡಲಿಲ್ಲ.

ಮಧ್ಯಾಹ್ನ ಜೀಪು ಬಂತು. ಉಸ್ತುವಾರಿ ನಶ್ಯದ ಚಿಟಿಕೆಯಲ್ಲೇ ನಮಸ್ಕಾರ ಹಾಕಿದ. ಸಾಹೇಬರು ಮಿತಭಾಷಿ, ಹುಬ್ಬಿನಲ್ಲೇ ಅರ್ಧ ಆಡಳಿತ ನಡೆಸುವ ಜಾತಿ. ಎಣ್ಣೆಯ ಟ್ಯಾಂಕಿನಲ್ಲಿ ಯಾವ ಕೊರತೆಯೂ ಇರಲಿಲ್ಲ. ಎಣ್ಣೆ ಯಾವ ಬಳ್ಳಿಗೂ ಬೇಡ ನೋಡಿ. ಆಮೇಲೆ ಅವರು ಗೊಬ್ಬರದ ಟ್ಯಾಂಕಿನ ಏಣಿ ಹತ್ತಿ, ಮುಚ್ಚಳ ತೆಗೆದು, ಅಳತೆಯ ಪಟ್ಟಿಯನ್ನು ಒಳಗೆ ಇಳಿಬಿಟ್ಟರು. ಹುಬ್ಬು ಮೇಲೇರಿತು.

"ಒಂದು ಮೊಳ ಕಮ್ಮಿ ಇದೆಯಲ್ಲ. ಸೋರಿಕೆ ಏನಾದ್ರೂ ಇದೆಯಾ?"

"ಒಂದು ಹನೀನೂ ಇಲ್ಲ ಸಾರ್!" ಉಸ್ತುವಾರಿ ಎದೆಯುಬ್ಬಿಸಿ ಹೇಳಿದ.

ಸಾಹೇಬರು ಇಳಿದು ಟ್ಯಾಂಕಿನ ಕೆಳಗೆ ನುಸುಳಿದರು. ಬಿಳಿ ಕರವಸ್ತ್ರದಿಂದ ಪ್ರತಿಯೊಂದು ಕೀಲನ್ನೂ ಒರೆಸಿದರು. ಕರವಸ್ತ್ರ ಒಣಗಿಯೇ ಇತ್ತು. "ಭೇಷ್, ಇಷ್ಟು ಗಟ್ಟಿ ವಾಲ್ವನ್ನ ನಾನು ಎಲ್ಲೂ ನೋಡಿಲ್ಲ" ಎಂದರು. ಉಸ್ತುವಾರಿಗೆ ಹೋದ ಜೀವ ಬಂದಂತಾಯಿತು. ಅದು ಬಂದು ನೆಲೆ ನಿಲ್ಲುವಷ್ಟರಲ್ಲಿ ಸಾಹೇಬರು ಕೇಳಿದರು: "ಹಾಗಾದ್ರೆ ಗೊಬ್ಬರ ಎಲ್ಲಿಗೆ ಹೋಯ್ತು?"

ಈ ಪ್ರಶ್ನೆಯನ್ನು ಅವನು ಯೋಚಿಸಿಯೇ ಇರಲಿಲ್ಲ. ಸರಿಯಾಗಿ ಆಗಲೇ ಗೋಡೆಯ ಮೇಲೆ ಮೇಷ್ಟ್ರ ತಲೆ ಮೂಡಬೇಕೇ?

"ಸಾಹೇಬರೇ, ಇಲ್ಲಿವರೆಗೆ ಬಂದವರು ನಮ್ಮ ಕೈಗುಣದವರ ಕುಂಬಳ ನೋಡದೆ ಹೋಗಬಾರದು!"

"ಮೇಷ್ಟ್ರೇ, ಸಾಹೇಬರಿಗೆ ಪುರುಸೊತ್ತಿಲ್ಲ…"

"ಇದೆ" ಎಂದರು ಸಾಹೇಬರು.

ಹಿತ್ತಲಿನಲ್ಲಿ ಕುಂಬಳಕಾಯಿಗಳು ಸಾಲಾಗಿ ಕೂತಿದ್ದವು, ಪಕ್ಕದಲ್ಲೇ ಉಸ್ತುವಾರಿಯ ಹೆಂಡತಿ ನಿಂತಿದ್ದಳು. ಸಾಹೇಬರು ಒಂದರ ಬೆನ್ನು ತಟ್ಟಿ ನೋಡಿದರು. "ಏನಮ್ಮ ಹಾಕ್ತೀರ ಇದಕ್ಕೆ?"

ಉಸ್ತುವಾರಿ ಹೆಂಡತಿಗೆ ಕಣ್ಣು ಹೊಡೆದ, ತಲೆ ಅಲ್ಲಾಡಿಸಿದ, ಚಿಟಿಕೆ ಬೆರಳನ್ನು ತುಟಿಯ ಮೇಲಿಟ್ಟ. ಗಂಡನಿಗೆ ದೊಡ್ಡವರೆದುರು ಸಂಕೋಚವೆಂದು ಅವಳು ತಿಳಿದಳು. "ನನಗೇನೂ ಗೊತ್ತಿಲ್ಲ ಸಾರ್. ಎಲ್ಲಾ ನಮ್ಮನೆಯವರದ್ದೇ. ಡಿಪೋದಿಂದ ಅದೇನೋ ತರ್ತಾರೆ ಅಂತ ಕಾಣುತ್ತೆ. ಎಷ್ಟು ಕೇಳಿದ್ರೂ ಗುಟ್ಟು ಅಂತಾರೆ, ಹೆಂಡ್ತಿಗೂ ಹೇಳಲ್ಲ!" ಎಂದು ಹೆಮ್ಮೆಯಿಂದ ನಕ್ಕಳು.

ಸಾಹೇಬರು ಟ್ಯಾಂಕನ್ನು ನೋಡಿದರು, ಕುಂಬಳವನ್ನು ನೋಡಿದರು. "ಇದಕ್ಕೆ ಕಳ್ಳತನ ಅಂತಾರೆ" ಎಂದರು.

ಏಕೋ ಉಸ್ತುವಾರಿಯ ಕೈ ತಾನಾಗಿ ಹೆಗಲ ಮೇಲೆ ಹೋಯಿತು. ನಿರ್ಲಕ್ಷ್ಯಕ್ಕಾದರೆ ಮನೆಗೆ ಕಳಿಸುತ್ತಾರೆ, ಕಳ್ಳತನಕ್ಕೆ ಜೈಲಿಗೇ ಕಳಿಸುತ್ತಾರೆ.

"ಇಲ್ಲ ಸಾರ್! ಕದ್ದಿಲ್ಲ! ಟ್ಯಾಂಕು ಸೋರ್ತಿತ್ತು! ನಾನು ನಿರ್ಲಕ್ಷ್ಯ ಮಾಡಿದೀನಿ ಸಾರ್, ಬಿರಡೆ ಹಾಕೋದನ್ನೇ ಮರೆತಿದೀನಿ, ನನ್ನಂಥ ಬೇಜವಾಬ್ದಾರಿ ಮನುಷ್ಯ ಇನ್ನೊಬ್ಬನಿಲ್ಲ!"

"ಒಂದು ಹನೀನೂ ಇಲ್ಲ ಅಂತ ಈಗ ತಾನೆ ಅಂದ್ರಿ."

"ಬೇಕಾದ್ರೆ ವಾಚ್‌ಮನ್‌ನ ಕೇಳಿ ಸಾರ್!"

ವಾಚ್‌ಮನ್‌ಗೆ ತನ್ನ ಅಧಿಕಾರಿಯ ಮರ್ಯಾದೆ ಕಾಪಾಡುವ ಸಮಯ ಬಂದಿದೆ ಎನಿಸಿತು. "ಛೇ ಛೇ, ಎಲ್ಲಾದ್ರೂ ಆಗುತ್ತಾ ಸಾರ್! ಇವರು ಟ್ಯಾಂಕನ್ನ ಹೆತ್ತ ಮಗು ಥರ ನೋಡ್ಕೋತಾರೆ. ಸೋರೋಕೆ ಬಿಡ್ತಾರಾ?"

ಉಸ್ತುವಾರಿ ಸುತ್ತಿಗೆ ಹಿಡಿದು ಟ್ಯಾಂಕಿನ ಕಡೆ ಓಡಿದ. ಮೆತ್ತಿದ ಮದ್ದಿನ ಮೇಲೆ ಬಲವೆಲ್ಲ ಹಾಕಿ ಬಡಿದ. "ಸೋರು, ದಮ್ಮಯ್ಯ, ಒಂದು ಹನಿ ಸೋರು!" ಎಂದು ಬೇಡಿಕೊಂಡ. ಟಣ್ ಎಂದು ಸುತ್ತಿಗೆಯ ಹಿಡಿಯೇ ಮುರಿಯಿತು. ವಾಲ್ವು ಕಮಕ್ ಕಿಮಕ್ ಅನ್ನಲಿಲ್ಲ. ಗೋಡೆಯಾಚೆಯಿಂದ ಮೇಷ್ಟ್ರು, "ನೋಡಿದ್ರಾ ಎಂಥಾ ಕೈಗುಣ!" ಎಂದು ಚಪ್ಪಾಳೆ ತಟ್ಟಿದರು.

ಸಾಹೇಬರು ಎಲ್ಲರನ್ನೂ ಆಚೆ ಕಳಿಸಿದರು. ಕಟ್ಟೆಯ ಮೇಲೆ ಕೂತು ಉಸ್ತುವಾರಿಯನ್ನು ಹತ್ತಿರ ಕರೆದರು. ಅವನು ಕಾಲಿಗೆ ಬೀಳಲು ಜಾಗ ನೋಡಿಕೊಳ್ಳುತ್ತಿದ್ದಾಗ ಅವರು ನಿಟ್ಟುಸಿರು ಬಿಟ್ಟರು.

"ನಮ್ಮನೇಲೂ ಒಂದು ಬಳ್ಳಿ ಇದೆ ಕಣ್ರೀ. ಕಾಯಿ ನಿಂಬೆಹಣ್ಣಿನಷ್ಟಾಗಿ ಉದುರಿಹೋಗುತ್ತೆ. 'ಊರಿಗೆಲ್ಲ ಗೊಬ್ಬರ ಹಂಚ್ತೀರ, ಹಿತ್ತಲಲ್ಲಿ ಒಂದು ಕುಂಬಳ ಬೆಳೆಸೋ ಯೋಗ್ಯತೆ ಇಲ್ಲ' ಅಂತ ನನ್ನ ಹೆಂಡ್ತಿ ಊಟಕ್ಕೆ ಕೂತಾಗಲೆಲ್ಲ ಹಂಗಿಸ್ತಾಳೆ."

"ಸಾರ್?"

"ಟ್ಯಾಂಕಲ್ಲಿ ಕಮ್ಮಿ ಆಗಿದ್ದು ಬಿಸಿಲಿಗೆ ಆವಿಯಾಯ್ತು ಅಂತ ಬರ್ಕೋತೀನಿ. ನಾಳೆ ಭಾನುವಾರ. ನಾಳೆಯಿಂದ ಪ್ರತಿ ಭಾನುವಾರ ನಮ್ಮನೆಗೆ ಬನ್ನಿ. ಬರೋವಾಗ ಆ ನಿಮ್ಮ ಗುಟ್ಟನ್ನ ಒಂದು ಕ್ಯಾನಲ್ಲಿ ತನ್ನಿ."

"ಸಾರ್, ನೀವೇ ಈಗ ಜೀಪಲ್ಲಿ…"

"ಏನ್ರೀ!" ಸಾಹೇಬರಿಗೆ ನಿಜಕ್ಕೂ ನೋವಾಯಿತು. "ಸಂಸ್ಥೆಯ ಮಾಲನ್ನ ನಾನು ಮುಟ್ಟೋದಾ? ನಾನು ಅಂಥವನಲ್ಲ."

ಸಾಕ್ಷಿಗೆ ಇರಲಿ ಎಂದು ಎಲ್ಲಕ್ಕಿಂತ ದೊಡ್ಡ ಕುಂಬಳಕಾಯಿಯನ್ನು ಜೀಪಿಗೆ ಹಾಕಿಸಿಕೊಂಡು ಅವರು ಹೊರಟರು. ಮುಂದಿನ ತಪಾಸಣೆಯ ಹೊತ್ತಿಗೆ ತಮ್ಮ ಬಳ್ಳಿಯಲ್ಲಿ ಅಷ್ಟೇ ಗಾತ್ರದ್ದು ತೂಗದಿದ್ದರೆ ಕಳ್ಳತನದ ವರದಿ ಹೋಗುತ್ತದೆ ಎಂದು ಜೀಪಿನೊಳಗಿನಿಂದ ಹೇಳಿದರು.

ಸಂಜೆ ಉಸ್ತುವಾರಿ ಖಾಲಿ ಕ್ಯಾನನ್ನೂ ಹಗ್ಗವನ್ನೂ ಹಿಡಿದು ಟ್ಯಾಂಕಿನ ಏಣಿಯ ಬುಡದಲ್ಲಿ ನಿಂತ. ಇಷ್ಟು ವರ್ಷದ ನೌಕರಿಯಲ್ಲಿ ಅವನು ಸೋರಿಸಿದ್ದುಂಟು, ಮರೆತದ್ದುಂಟು, ಕದ್ದದ್ದು ಮಾತ್ರ ಇರಲಿಲ್ಲ. ನಾಚಿಕೆಯಿಂದ ಕಣ್ಣಲ್ಲಿ ನೀರು ಬಂತು. ಅಂಟಿದ ಬೆರಳಲ್ಲಿ ಏಣಿಯನ್ನು ಹಿಡಿಯಲೂ ಬರುತ್ತಿರಲಿಲ್ಲ. ಎರಡು ಮೆಟ್ಟಿಲು ಹತ್ತಿದವನು ಹೆದರಿ ಕೆಳಗೆ ನೋಡಿದ. ವಾಚ್‌ಮನ್ ಲಾಠಿ ಹಿಡಿದು, ಟೊಪ್ಪಿಗೆ ಸರಿಮಾಡಿಕೊಂಡು, ನೆಟ್ಟಗೆ ನಿಂತಿದ್ದ.

"ಯಾರಾದ್ರೂ ನೋಡಿಬಿಟ್ರೆ ಏನೋ ಗತಿ?"

"ಧೈರ್ಯವಾಗಿ ತುಂಬ್ಕೊಳ್ಳಿ ಸಾರ್" ಎಂದ ವಾಚ್‌ಮನ್. "ಕಾವಲಿಗೆ ನಾನಿದ್ದೀನಲ್ಲ."