ಫಿಲಿಪೈನ್ ಹೋಟೆಲಿನ ಬಾಳೆಎಲೆ

ಗಲ್ಫಿನ ಈ ಪರದೇಶದಲ್ಲಿ ಊಟಕ್ಕೆ ಕೂತಾಗಲೆಲ್ಲ ನನಗೊಂದು ಆಘಾತ ಕಾದೇ ಇರುತ್ತದೆ. ಇಷ್ಟು ವರ್ಷವಾದರೂ ರೂಢಿಯಾಗಿಲ್ಲ. ಅಲ್ ಮನ್ಸೂರಾದ ಫಿಲಿಪೈನ್ ಹೋಟೆಲಿನ ಸುದ್ದಿಯನ್ನು ಮೊದಲು ನನ್ನ ಕಿವಿಗೆ ಹಾಕಿದವನು ಬಸವರಾಜ. ಬಾಗಲಕೋಟೆ ಕಡೆಯವನು. ಅಲ್ ಖೋರಿನಿಂದ ಹೊರಡುವ ಕಂಪನಿ ಬಸ್ಸಿನಲ್ಲಿ ನನ್ನ ಪಕ್ಕದ ಸೀಟು ಅವನದು.

೧. ಉಸಳಿ

"ಆಚಾರ್ರ, ನಿನ್ನೆ ಅಲ್ಲಿ ನನಗ ಏನ್ ಕೊಟ್ರು ಗೊತ್ತೇನ್ರೀ?" ಎಂದ ಒಂದು ಮುಂಜಾನೆ.

ಎತ್ತರದ ಗಾಜಿನ ಲೋಟವಂತೆ. ಮೇಲೆ ನೇರಳೆ ಬಣ್ಣದ ಐಸ್‌ಕ್ರೀಂ. ಅದರ ಕೆಳಗೆ ಪುಡಿ ಮಾಡಿದ ಮಂಜುಗಡ್ಡೆ, ಹಾಲು. ಚಮಚವನ್ನು ತಳಕ್ಕೆ ಇಳಿಸಿದರೆ ಬೇಯಿಸಿದ ಕಡಲೆ, ರಾಜ್ಮಾ, ಗೋವಿನಜೋಳ.

"ಉಸಳಿ ಮ್ಯಾಲೆ ಐಸ್‌ಕ್ರೀಂ ಹಾಕ್ಯಾರ್ರೀ!"

"ಕೃಷ್ಣಾ! ಆಮೇಲೆ ಏನು ಮಾಡಿದಿ?"

"ಇನ್ನೊಂದು ತರಿಸಿದೆ. ಒಂದೀಟು ಒಗ್ಗರಣಿ ಬಿದ್ದಿದ್ರ ಇನ್ನೂ ಛಲೋ ಇರ್ತಿತ್ತು ನೋಡ್ರಿ."

೨. ತರಕಾರಿ

ಅದೇ ಹೋಟೆಲಿಗೆ ನಾನೂ ಹೋಗಬೇಕಾಗಿ ಬಂತು. ನಮ್ಮ ಸ್ಟೋರಿನ ಸೂಪರ್‌ವೈಸರ್ ಫಿಲಿಪೈನ್ಸಿನವರು. ನನ್ನನ್ನು "ಕುಯಾ" ಎನ್ನುತ್ತಿದ್ದರು, ಅಂದರೆ ಅವರ ಭಾಷೆಯಲ್ಲಿ ಅಣ್ಣ. ನಾನು ಮೂತ್ರಪಿಂಡದ ಕಲ್ಲಿನಿಂದ ಆಸ್ಪತ್ರೆಯಲ್ಲಿ ಬಿದ್ದಿದ್ದಾಗ ಹದಿನೈದು ದಿನ ನನ್ನ ಕೆಲಸವನ್ನೂ ತಾವೇ ಹೊತ್ತವರು. ಈಗ ಕೆಲಸ ಬಿಟ್ಟು ಊರಿಗೆ ಹೊರಟಿದ್ದರು; ಬೀಳ್ಕೊಡುಗೆಯ ಊಟ ಆ ಹೋಟೆಲಿನಲ್ಲೇ. "ಕುಯಾ, ಈ ದೇಶದಲ್ಲಿ ನನ್ನ ಕೊನೆಯ ಊಟ ಇದು. ನೀವು ಬರದಿದ್ದರೆ ನನಗೆ ಗಂಟಲಲ್ಲಿ ಇಳಿಯುವುದಿಲ್ಲ" ಎಂದರು. ನಾನೋ, ಮೊಟ್ಟೆಯನ್ನೂ ಮುಟ್ಟದವನು. ನೇಮವೂ ಕೆಡಬಾರದು, ಆ ಪುಣ್ಯಾತ್ಮರ ಮನಸ್ಸೂ ನೋಯಬಾರದು. ದೇವರಿಗೆ ಕೈಮುಗಿದು ಹೊರಟೆ.

ಬಡಿಸುವ ಹುಡುಗಿಯನ್ನು ಕೇಳಿದೆ, "ತರಕಾರಿ ಇದೆಯೇನಮ್ಮ?"

"ಇದೆ ಸರ್. ಬದನೆ, ಬೆಂಡೆ, ಹಾಗಲ, ಕುಂಬಳ."

ಜೀವ ಬಂತು. "ಬೇರೆ ಏನೂ ಹಾಕಿಲ್ಲವಲ್ಲ?"

"ಏನೂ ಇಲ್ಲ ಸರ್. ಕೊಳೆಸಿದ ಸೀಗಡಿ ಮಾತ್ರ."

"ಸೀಗಡಿ?"

"ಸ್ವಲ್ಪವೇ ಸರ್. ರುಚಿಗೆ."

ಅದಿಲ್ಲದೆ ಮಾಡಿಕೊಡಲು ಬೇಡಿಕೊಂಡೆ. ಅವಳು ಒಳಗೆ ಓಡಿ, ಮುಖ ಅರಳಿಸಿಕೊಂಡು ಬಂದಳು. "ಅಡುಗೆಯವರು ಒಪ್ಪಿದರು ಸರ್! ಸೀಗಡಿ ಹಾಕುವುದಿಲ್ಲ. ಬದಲಿಗೆ ಕೋಳಿ ಹಾಕುತ್ತಾರಂತೆ."

೩. ಎಲೆ

ಕಡೆಗೆ ಸೂಪರ್‌ವೈಸರೇ ಎದ್ದು ಅಡುಗೆಮನೆಗೆ ಹೋಗಿ ಬಂದರು. "ನಿಮ್ಮ ಭಾಗ ಬೇರೆ ಮಾಡಿಸಿದ್ದೇನೆ, ಕುಯಾ."

ಮೇಜಿನ ಉದ್ದಕ್ಕೂ ಬಾಳೆಎಲೆ ಹಾಸಿದರು. ಸಮಾಧಾನವಾಯಿತು. ಆದರೆ ಹತ್ತು ಮಂದಿಗೂ ಸೇರಿ ಅದೊಂದೇ ಹಾಸು! ನಡುವೆ ಅನ್ನದ ಗುಡ್ಡ, ಇಕ್ಕೆಲಗಳಲ್ಲಿ ಮೀನು, ಕೋಳಿ. ನನ್ನ ತುದಿಗೆ ಮಾತ್ರ, ಒಂದು ಗೇಣು ಅಂತರ ಬಿಟ್ಟು, ಬಿಳಿ ಅನ್ನ, ಬೇಯಿಸಿದ ಬೆಂಡೆ, ಮಾವು, ಬಾಳೆಹಣ್ಣು.

ಎಲೆಯ ಸುತ್ತ ನೀರು ಬಿಟ್ಟು ಮಂತ್ರ ಹೇಳದೆ ನಾನು ತುತ್ತು ಎತ್ತುವುದಿಲ್ಲ. ಮುಂಜಿಯಾದಂದಿನಿಂದ ಬಂದ ಕ್ರಮ. ಆದರೆ ಇಲ್ಲಿ ನನ್ನ ಎಲೆ ಮುಗಿಯುವುದೆಲ್ಲಿ? ಎಲೆಯನ್ನು ಅರ್ಧಕ್ಕೆ ಸುತ್ತುವುದು ಶಾಸ್ತ್ರವಲ್ಲ. ಲೋಟ ಹಿಡಿದು ಎದ್ದೆ. ಉಳಿದ ಒಂಬತ್ತು ಜನರ ಬೆನ್ನ ಹಿಂದಿನಿಂದ ಕೈಚಾಚಿ, ಹನಿಹನಿಯಾಗಿ ನೀರು ಬಿಡುತ್ತ, ಮಂತ್ರ ಹೇಳುತ್ತ, ಮೇಜಿಗೊಂದು ಸುತ್ತು ಬಂದೆ.

ತಲೆ ಎತ್ತಿ ನೋಡಿದರೆ ಅವರೆಲ್ಲ ಎದ್ದು ನಿಂತು, ಎದೆಯ ಮೇಲೆ ಶಿಲುಬೆಯ ಗುರುತು ಮಾಡಿ, "ಆಮೆನ್" ಎಂದರು! ಸೂಪರ್‌ವೈಸರ್ ಕಣ್ಣೊರೆಸಿಕೊಳ್ಳುತ್ತಿದ್ದರು. "ನನ್ನ ಪ್ರಯಾಣಕ್ಕೆ ಇಷ್ಟು ದೊಡ್ಡ ಪ್ರಾರ್ಥನೆ ಯಾರೂ ಮಾಡಿರಲಿಲ್ಲ, ಕುಯಾ."

ನಾನು ಬಾಯಿ ತೆರೆಯುವಷ್ಟರಲ್ಲಿ ಪಕ್ಕದ ಮೇಜಿನ ಅಜ್ಜಿಯೊಬ್ಬರು ನನ್ನ ತೋಳು ಹಿಡಿದರು. "ಫಾದರ್, ನಮ್ಮ ಮೇಜಿಗೂ ಒಂದು ಸಲ." ಸೂಪರ್‌ವೈಸರ್ ಆಸೆಯಿಂದ ನನ್ನ ಮುಖ ನೋಡಿದರು. ಆ ಕಣ್ಣಿನ ಮುಂದೆ ಇಲ್ಲ ಎನ್ನಲಾಗಲಿಲ್ಲ. ಅದಾದ ಮೇಲೆ ಇನ್ನೊಂದು ಮೇಜು, ಮತ್ತೊಂದು. ಒಟ್ಟು ಆರು. ಆರನೆಯದರಲ್ಲಿ ಕರಿದ ಇಡೀ ಮೀನೊಂದು ಕಣ್ಣು ಬಿಟ್ಟು ನನ್ನನ್ನೇ ನೋಡುತ್ತಿತ್ತು.

ರೂಮಿಗೆ ಬಂದು ಊರಿಗೆ ಫೋನ್ ಮಾಡಿದೆ. ನನ್ನಾಕೆಯ ಮೊದಲ ಪ್ರಶ್ನೆಯೇ, "ಅಲ್ಲಿ ತಿನ್ನಬಾರದ್ದೇನೂ ತಿನ್ನಲಿಲ್ಲ ಹೌದಲ್ರೀ?"

"ಇಲ್ಲ ಮಾರಾಯ್ತಿ. ಎಲ್ಲರಿಗೂ ಮಂತ್ರ ಹೇಳಿ ತಿನ್ನಿಸಿ ಬಂದೆ."

ಓದಿದವರು ಇದನ್ನು ಧಾರಾಳವಾಗಿ ನಾಲ್ಕು ಜನರಿಗೆ ಹೇಳಿ. ನಮ್ಮ ಮಠದ ಕಡೆಯವರು ಸಿಕ್ಕರೆ ಮಾತ್ರ ಮೀನು ಎನ್ನುವ ಕಡೆ ಕುಂಬಳಕಾಯಿ ಎಂದು ಹೇಳಿ.